ಗೆರೆಯ ಪಕ್ಕದ ಮೂರು ಚುಕ್ಕಿ

ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ನಾನು ನಗೆಪಾಟಲಾದದ್ದು ಜ್ವರ ಎನ್ನುವ ಒಂದು ಮಾತಿನಿಂದ. ನನ್ನ ತವರು ಚನ್ನಪಟ್ಟಣ. ಅಲ್ಲಿ ನಮ್ಮ ಅಕ್ಕಪಕ್ಕದವರೆಲ್ಲ ಬೊಂಬೆ ಕಡೆಯುವವರು, ಅರಗು ಬಳಿಯುವವರು. ರೇಷ್ಮೆ ಹುಳುವನ್ನು ನಾನು ಹತ್ತಿರದಿಂದ ನೋಡಿದವಳೇ ಅಲ್ಲ. ಗಂಡನ ಮನೆ ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯ ಒಂದು ಹಳ್ಳಿ. ಒಂದು ಬೆಳಿಗ್ಗೆ ನನ್ನ ಗಂಡ ಒಳಗೆ ಬಂದು, "ಹುಳಕ್ಕೆ ಜ್ವರ ಬಂದೈತೆ, ಇವತ್ತು ಸೊಪ್ಪು ಬ್ಯಾಡ" ಅಂದರು. ನಾನು ಗಾಬರಿಯಾಗಿ, "ಔಷಧಿ ಏನಾದ್ರೂ ತರಿಸಬೇಕಾ?" ಎಂದು ಕೇಳಿಬಿಟ್ಟೆ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ಮಲಗುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಒಂದು ಬೆಳೆಗೆ ಅಂಥ ಜ್ವರ ನಾಲ್ಕು. ನನ್ನ ಪ್ರಶ್ನೆಯನ್ನು ಅತ್ತೆ ಸೊಪ್ಪು ಬಿಡಿಸುವ ಹೆಂಗಸರಿಗೆಲ್ಲ ಹೇಳಿಕೊಂಡು ನಕ್ಕರು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆಯೆಂದು ಅವರಿಗೆ ನನ್ನ ಮೇಲೆ ಹೆಮ್ಮೆಯೂ ಇತ್ತು, ಕಾಲೆಳೆಯುವ ಚಟವೂ ಇತ್ತು.

ಅಷ್ಟು ಓದಿದ ನಾನು ಎರಡೇ ಎರಡು ಗೆರೆಯ ಲೆಕ್ಕದಲ್ಲಿ ಎಡವಿದೆ. ಅದರಿಂದ ನಮ್ಮ ಮನೆಯ ಬೆಕ್ಕು ಸಾಯುವ ಹಾಗಾಯಿತು. ಈಗ ನನಗೆ ಮೊಮ್ಮಕ್ಕಳಿದ್ದಾರೆ, ಆದರೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಇತ್ತು, ಅದು ಇದ್ದದ್ದು ದೇವರ ಪಟಕ್ಕಾಗಿ. ಕಾಲವನ್ನು ಎಣಿಸುತ್ತಿದ್ದದ್ದು ಬೆಳೆಗಳಲ್ಲಿ. ಮೊಟ್ಟೆಯೊಡೆದ ಹುಳುವಿಗೆ ಮೊದಲ ಸಲ ಎಳೆ ಸೊಪ್ಪು ಹಾಕುವ ದಿನ ಜಗಲಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯಬೇಕು. ಒಂದು ಗೆರೆಯೆಂದರೆ ಒಂದು ಬೆಳೆ. ಶುರುವಿನಿಂದ ಮನೆ ತೊಳೆದು ಮುಂದಿನ ಮೊಟ್ಟೆ ತರುವತನಕ ತಿಂಗಳ ಮೇಲೆ ನಾಲ್ಕೈದು ದಿನ. "ಹಸ ಗಬ್ಬವಾಗಿ ಮೂರು ಬೆಳೆ ಆಯ್ತು", "ಅವರು ಬಂದೋಗಿ ಬೆಳೆ ಮ್ಯಾಲಾಯ್ತು" ಎಂದು ಮಾತು. ಹಾಲೂಡಿಸುವ ಬಾಣಂತಿ ಹುಳುವಿನ ಮನೆಯೊಳಗೆ ಕಾಲಿಡಬಾರದೆಂದು ಅತ್ತೆಯ ಕಟ್ಟಪ್ಪಣೆ. ತವರಿನಿಂದ ಎರಡು ತಿಂಗಳ ಮಗುವನ್ನು ಎತ್ತಿಕೊಂಡು ಬಂದ ನನಗೆ ಹೊರಗಿನ ಕೆಲಸಗಳನ್ನೆಲ್ಲ ವಹಿಸಿದರು. ಗೋಡೆಯ ಗೆರೆಯೂ ಅದರಲ್ಲೊಂದು.

ಹುಳು ಸಾಕುವ ಮನೆಗೆ ಇಲಿಯೇ ಶತ್ರು. ಬೆಳೆದ ಹುಳುವೆಂದರೆ ಇಲಿಗೆ ಹಬ್ಬದೂಟ. ಅದಕ್ಕೇ ನಮ್ಮಲ್ಲಿ ಒಂದು ಬೂದುಬಣ್ಣದ ಪಟ್ಟೆ ಬೆಕ್ಕಿತ್ತು. ಹಸುವಿಗಿದ್ದಷ್ಟೇ ಮರ್ಯಾದೆ ಅದಕ್ಕೂ ಇತ್ತು. ಮಗುವಿಗೆ ಮೊದಲ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನ, ಹೊಸ ಬೆಳೆಯ ಗೆರೆ ಎಳೆದ ಸಂಜೆಯೇ, ಜಗಲಿಯ ಮೂಲೆಯಲ್ಲಿ ಜೋಡಿಸಿಟ್ಟ ಚಂದ್ರಿಕೆಗಳ ಹಿಂದೆ ಅದು ಮೂರು ಮರಿ ಹಾಕಿತು. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ ದೊಡ್ಡ ಬಿದಿರು ತಟ್ಟಿ. ಚುಚ್ಚುಮದ್ದಿನ ನೋವಿಗೆ ಮಗು ಅಳುತ್ತಲೇ ಇತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದ ನಾನು ಸುಮ್ಮನೆ ಖುಷಿಗೆ, ಗೆರೆಯ ಪಕ್ಕ ಮೂರು ಚುಕ್ಕಿ ಇಟ್ಟೆ.

ಆ ಬೆಳೆ ನಿಲ್ಲಲಿಲ್ಲ. ಎರಡನೇ ಜ್ವರ ಎದ್ದ ಹುಳು ಹಾಲುತೊಂಡೆ ರೋಗ ಹತ್ತಿ ಊದಿಕೊಂಡು, ಮುಟ್ಟಿದರೆ ಒಡೆದು ಬಿಳೀ ನೀರು ಸುರಿಸತೊಡಗಿತು. ಎರಡೇ ದಿನದಲ್ಲಿ ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು. ಅತ್ತೆ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಲೇ, "ಆ ಗೆರೆ ಒರೆಸ್ಬುಡಮ್ಮಿ" ಅಂದರು. ಸತ್ತ ಬೆಳೆಯನ್ನು ಗೋಡೆಯ ಮೇಲೆ ಉಳಿಸುವುದಿಲ್ಲ, ಅದರ ಮಾತನ್ನೂ ಆಡುವುದಿಲ್ಲ. ಅದು ಆ ಮನೆಯ ರೂಢಿ. ನಾನು ಒದ್ದೆ ಬಟ್ಟೆ ಹಿಡಿದು ಹೋದೆ. ಚುಕ್ಕಿಗಳನ್ನು ಕಂಡು ಮನಸ್ಸು ಬರಲಿಲ್ಲ. ಆಮೇಲೆ ಒರೆಸಿದರಾಯಿತು ಎಂದುಕೊಂಡೆ. ಮಗು ಅತ್ತಿತು, ಹೋದೆ, ಮರೆತೆ. ಐದು ದಿನ ಬಿಟ್ಟು ಹೊಸ ಮೊಟ್ಟೆ ಬಂತು, ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ. ಬೇರೆ ಯಾರೂ ಆ ಗೋಡೆಯನ್ನು ನೋಡಲಿಲ್ಲ, ಅದು ನನ್ನ ಕೆಲಸವಾಗಿತ್ತಲ್ಲ.

ಬೆಕ್ಕಿನ ಮರಿಗಳನ್ನು ಬೇರೆ ಮನೆಗೆ ಕೊಡುವುದಕ್ಕೆ ಅತ್ತೆಯದೊಂದು ನಿಯಮವಿತ್ತು. ಒಂದು ಬೆಳೆ ಪೂರ್ತಿ ಆಗಬೇಕು, ಮುಂದಿನ ಬೆಳೆಯ ನಾಲ್ಕನೇ ಜ್ವರ ಬರಬೇಕು. ಅಷ್ಟರಲ್ಲಿ ಎರಡು ತಿಂಗಳಾಗುತ್ತಿತ್ತು, ಮರಿ ತಾಯಿಯ ಹಾಲು ಬಿಟ್ಟಿರುತ್ತಿತ್ತು. ಜ್ವರದ ದಿನವೇ ಏಕೆಂದರೆ ಅಂದು ಹುಳು ಮಲಗಿರುತ್ತದೆ, ಸೊಪ್ಪು ಕೊಯ್ಯುವ ಹಾಗಿಲ್ಲ, ಮನೆಯವರಿಗೆ ಹೊರಗೆ ಹೋಗಿಬರಲು ಅದೊಂದೇ ಬಿಡುವು. ಎದ್ದ ಮೇಲಿನ ಏಳೆಂಟು ದಿನ ಹುಳು ಹಗಲು ರಾತ್ರಿ ತಿನ್ನುತ್ತದೆ. ಆಗ ಮರಿಗಳು ಹುಳು ಮೇಯುವ ಬಿದಿರು ತಟ್ಟೆ ಹತ್ತಿ ಅದರ ಜೊತೆ ಆಟಕ್ಕಿಳಿದರೆ ಮುಗಿಯಿತು ಕತೆ.

ಹೊಸ ಬೆಳೆಯ ನಾಲ್ಕನೇ ಜ್ವರದ ಬೆಳಿಗ್ಗೆ ಅತ್ತೆ ಕೇಳಿದರು. "ಅಮ್ಮೀ, ಮರಿ ಹುಟ್ಟಿ ಒಂದು ಬೆಳೆ ಆಯ್ತೇನಮ್ಮಿ? ಒಸಿ ಚಿಕ್ಕವಿದ್ದಂಗೆ ಕಾಣ್ತವೆ."

ನಾನು ಮಗುವಿನ ಬಟ್ಟೆ ಹಿಂಡುತ್ತ ಗೋಡೆಯ ಕಡೆ ಕತ್ತೆತ್ತಿದೆ. ಮೂರು ಚುಕ್ಕಿಯಿದ್ದಲ್ಲಿಂದ ಎಣಿಸಿದರೆ ಎರಡು ಗೆರೆ. "ಒಂದಾಗಿ ಇದು ಎರಡನೇದು ಅತ್ತೆ" ಅಂದೆ.

"ಸರಿ ಬುಡು. ಓದಿರೋಳು ನೀನು, ತಪ್ಪು ಹೇಳ್ತೀಯಾ?"

ನನ್ನ ಗಂಡ ಮೂರನ್ನೂ ಗೋಣಿಚೀಲಕ್ಕೆ ಹಾಕಿ, ದಾರಿ ಮರೆಯಲಿ ಎಂದು ಅಂಗಳದಲ್ಲಿ ಮೂರು ಸುತ್ತು ತಿರುಗಿ, ರಾಮನಗರದ ಬಸ್ಸು ಹತ್ತಿದರು. ಒಂದು ಕನಕಪುರದ ನಾದಿನಿಗೆ, ಒಂದು ಮಾಗಡಿಯ ನೆಂಟರಿಗೆ, ಇನ್ನೊಂದು ನಮ್ಮ ಗೂಡು ಕೊಳ್ಳುತ್ತಿದ್ದ ರಾಮನಗರದ ಒಬ್ಬ ರೀಲರಿಗೆ. ನೂಲು ತೆಗೆಯುವವರ ಮನೆಯಲ್ಲೂ ಗೂಡಿಗೆ ಇಲಿ ಕಾಟ. ಮೂವರೂ ಅಂದು ಗೂಡಿನ ಮಾರುಕಟ್ಟೆಗೆ ಬರುವವರಾದ್ದರಿಂದ ಅಲ್ಲೇ ಕೊಟ್ಟುಬಿಡುವುದೆಂದಾಗಿತ್ತು. ಬೆಕ್ಕು ಆಗ ಹಿಪ್ಪುನೇರಳೆ ತೋಟದಲ್ಲಿತ್ತು.

ಮಧ್ಯಾಹ್ನ ಅದು ಬಾಯಲ್ಲಿ ಇಲಿ ಕಚ್ಚಿಕೊಂಡು ಬಂತು. ಬಾಯಿ ತುಂಬಿದ್ದಾಗಲೂ ಗಂಟಲಿನಿಂದಲೇ ಒಂದು ಸಣ್ಣ ಕರೆ ಕರೆಯುತ್ತಿತ್ತು, ಆ ಕರೆಗೆ ಮೂರೂ ಉರುಳಿಕೊಂಡು ಓಡಿಬರುತ್ತಿದ್ದವು. ಅಂದು ಕರೆಯಿತು, ನಿಂತಿತು, ಮತ್ತೆ ಕರೆಯಿತು. ಚಂದ್ರಿಕೆಗಳ ಹಿಂದೆ ಹೋಗಿ ಇಲಿಯನ್ನು ಕೆಳಗಿಟ್ಟು, ಬಾಯಿ ಬಿಡುವಾದ ಮೇಲೆ ಜೋರಾಗಿ ಕರೆಯಿತು. ನನಗೆ ಮೊದಲ ದಿನ ಅಂಥದ್ದೇನೂ ಅನ್ನಿಸಲಿಲ್ಲ. ಬೆಕ್ಕುಗಳು ಹುಡುಕುತ್ತವೆ, ಎರಡು ದಿನ, ಆಮೇಲೆ ಮರೆಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು.

ಮರುದಿನ ಅದೇ ಜಾಗದಲ್ಲಿ ಎರಡನೆಯ ಇಲಿ. ಅಂದು ಸಂಜೆಗೇ ಮೂರನೆಯದು. ಒಂದನ್ನೂ ತಾನು ತಿಂದಿರಲಿಲ್ಲ. ಆಮೇಲೆ ಇಲಿ ಹಿಡಿಯುವುದನ್ನೇ ಬಿಟ್ಟಿತು. ಬೆಕ್ಕು ತನ್ನ ಮರಿಯನ್ನು ತಾನೇ ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರಲ್ಲ, ಇದು ಮರಿಯಿಲ್ಲದೆ ಏಳು ಮನೆ ತಿರುಗಿತು. ಪಕ್ಕದ ಮನೆಯ ಅಟ್ಟ, ಹುಲ್ಲಿನ ಮೆದೆ, ಕೋಳಿಗೂಡು, ಯಾವುದನ್ನೂ ಬಿಡಲಿಲ್ಲ. ಕೂಗಿ ಕೂಗಿ ಅದರ ದನಿ ಒಡೆದುಹೋಗಿತ್ತು.

ಅಷ್ಟರಲ್ಲಿ ಹುಳು ಜ್ವರದಿಂದ ಎದ್ದಿತ್ತು. ಸೊಪ್ಪು ಎಷ್ಟು ಸುರಿದರೂ ಸಾಲದು. ಅತ್ತೆಗೂ ನನ್ನ ಗಂಡನಿಗೂ ನಿದ್ದೆಯಿಲ್ಲ. ಒಂದು ಬೆಳೆ ಮಣ್ಣುಪಾಲಾದ ಮೇಲೆ ಬಂದ ಬೆಳೆ ಇದು. ಯಾರ ಬಾಯಲ್ಲೂ ನಗು ಇರಲಿಲ್ಲ. ಮರಿಗಳು ಹೋದ ಮೂರನೆಯ ದಿನ ಸೊಪ್ಪಿನ ಕುಕ್ಕೆ ಹೊತ್ತು ಬಾಗಿಲು ದಾಟುತ್ತಿದ್ದ ಅತ್ತೆಯ ಕಾಲ ಸಂದಿಯಿಂದ ಬೆಕ್ಕು ಹುಳುವಿನ ಮನೆಗೆ ನುಗ್ಗಿತು. ತಟ್ಟೆಯಿಂದ ತಟ್ಟೆಗೆ ಹತ್ತಿ ಮೂಸತೊಡಗಿತು. ಮೇಲಿನ ತಟ್ಟೆ ಜಾರಿ ಬಿತ್ತು, ಬೆರಳುದ್ದದ ಹುಳುಗಳು ನೆಲದ ತುಂಬ ಚೆಲ್ಲಿದವು. ಅತ್ತೆ ಒಂದೊಂದೇ ಹುಳುವನ್ನು ಆರಿಸುತ್ತ, "ಇನ್ನೊಂದು ತಟ್ಟೆ ಬಿದ್ರೆ ಚೀಲಕ್ಕಾಕಿ ಕೆಂಗಲ್ಲಿನ ಆಚೆ ಬುಟ್ಬತ್ತೀಯ ಇದನ್ನ" ಎಂದು ಮಗನಿಗೆ ಹೇಳಿದರು. ಕೆಂಗಲ್ಲಿನ ಆಚೆ ಎಂದರೆ ಮೈಸೂರು ರಸ್ತೆ, ಲಾರಿಗಳ ಸಾಲು. ಆ ಸ್ಥಿತಿಯ ಬೆಕ್ಕು ಅಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ.

ಅಂದು ಸಂಜೆ ಬೆಕ್ಕು ಜಗಲಿಯಲ್ಲಿ ಮಗ್ಗುಲಾಗಿ ಬಿದ್ದುಕೊಂಡಿತ್ತು. ತಲೆ ಸವರಿ, ಹೊಟ್ಟೆಯ ಮೇಲೆ ಕೈಯಿಟ್ಟೆ. ಚೀರಿ ನನ್ನ ಮುಂಗೈ ಪರಚಿತು. ಆದರೆ ಅಷ್ಟರಲ್ಲೇ ಕೈಗೆ ಗೊತ್ತಾಗಿತ್ತು. ಮೊಲೆಗಳು ಕಲ್ಲಾಗಿದ್ದವು, ಬೆಂಕಿಯಂತೆ ಸುಡುತ್ತಿದ್ದವು. ಹಾಲು ಕಟ್ಟಿಕೊಂಡರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆರಿಗೆಯಾದ ಎರಡನೇ ವಾರ ಅದೇ ನೋವಿನಲ್ಲಿ ನಾನು ಚಳಿಜ್ವರ ಬಂದು ಮಲಗಿದ್ದೆ, ಅಮ್ಮ ಬಿಸಿ ಬಟ್ಟೆಯ ಶಾಖ ಕೊಟ್ಟು ಕೊಟ್ಟು ಉಳಿಸಿದ್ದಳು.

ಎರಡು ತಿಂಗಳ ಮರಿಯ ತಾಯಿಗೆ ಇಷ್ಟು ಹಾಲೇಕೆ? ಒಳಗೆ ಹೋಗಿ ಮಗುವಿನ ಚುಚ್ಚುಮದ್ದಿನ ಚೀಟಿ ತೆಗೆದೆ. ಮೊದಲನೆಯದು ಹಾಕಿಸಿದ ದಿನವೇ ಮರಿ ಹುಟ್ಟಿದ್ದು. ತಿಂಗಳು ಬಿಟ್ಟು ಹಾಕಿಸಿದ ಎರಡನೆಯದು ಆಗಿ ವಾರದ ಮೇಲೆ ಒಂದೆರಡು ದಿನ, ಅಷ್ಟೇ. ಮರಿಗಳನ್ನು ಚೀಲಕ್ಕೆ ಹಾಕಿದಾಗ ಅವಕ್ಕೆ ಐದೇ ವಾರ. ಹೊರಗೆ ಬಂದು ಗೋಡೆ ನೋಡಿದೆ. ಒರೆಸಬೇಕಾಗಿದ್ದ ಗೆರೆ ಮೂರು ಚುಕ್ಕಿಗಳ ಸಮೇತ ಹಾಗೇ ಇತ್ತು. ನಾನು ಒಂದು ಬೆಳೆಯೆಂದು ಎಣಿಸಿದ್ದು ಹನ್ನೊಂದು ದಿನಕ್ಕೆ ಗುಂಡಿ ಸೇರಿದ ಬೆಳೆಯನ್ನು.

ಹೇಳಬೇಕಿತ್ತು, ಹೇಳಲಿಲ್ಲ. ಹೇಡಿತನ ಎನ್ನಿ, ಒಪ್ಪುತ್ತೇನೆ. ಜ್ವರದ ಮಾತಿಗೇ ಊರೆಲ್ಲ ನಕ್ಕಿತ್ತು, ಇದಕ್ಕೆ ನಗುವವರೂ ಇರಲಿಲ್ಲ. ಸತ್ತ ಬೆಳೆಯ ಗೆರೆಯನ್ನು ಉಳಿಸಿಟ್ಟವಳು ಎಂದು ಗೊತ್ತಾದರೆ, ನಾಳೆ ಈ ಬೆಳೆಗೆ ಏನಾದರೂ ಆದಾಗ ಬೆರಳು ನನ್ನ ಕಡೆಗೇ ತಿರುಗುತ್ತದೆ. ಎರಡು ದಿನ ಯಾರೂ ನೋಡದಾಗ ಬಟ್ಟೆ ಬಿಸಿ ಮಾಡಿ ಬೆಕ್ಕಿನ ಹೊಟ್ಟೆಗೆ ಒತ್ತಿದೆ. ಪರಚಿಸಿಕೊಂಡೆ. ಅದು ಅನ್ನಹಾಲು ಮುಟ್ಟಲಿಲ್ಲ. ಇಲಿಗಳು ಹಗಲು ಹೊತ್ತಿನಲ್ಲೇ ಹುಳುವಿನ ಮನೆಯ ಮಾಡಿನಲ್ಲಿ ಓಡಾಡತೊಡಗಿದವು. ಅತ್ತೆ ದೊಣ್ಣೆ ಹಿಡಿದು ಅಲ್ಲೇ ಕೂತರು.

ಐದನೆಯ ದಿನ ಬೆಳಿಗ್ಗೆ ನಾನು ಬಾವಿಯ ಹತ್ತಿರವಿದ್ದಾಗ ತೊಟ್ಟಿಲಲ್ಲಿ ಮಗು ಅತ್ತಿತು. ನಾನು ಬರುವಷ್ಟರಲ್ಲಿ ಬೆಕ್ಕು ತೊಟ್ಟಿಲೊಳಗಿತ್ತು. ಮಗುವಿನ ಕಂಕುಳು, ಕತ್ತು, ಹೊದಿಕೆಯ ಮಡಿಕೆಗಳನ್ನು ಒಂದೊಂದಾಗಿ ಮೂಸುತ್ತಿತ್ತು. ಕಚ್ಚಲಿಲ್ಲ, ಪರಚಲಿಲ್ಲ. ಅಳುವ ದನಿ ಕೇಳಿ ಬಂದಿತ್ತು, ಅಷ್ಟೇ. ಆದರೆ ಅತ್ತೆ ಕಂಡದ್ದು ಮೊಮ್ಮಗನ ಮುಖದ ಮೇಲಿನ ಬೆಕ್ಕನ್ನು. ಪೊರಕೆ ಬೀಸಿದರು. ಬೆಕ್ಕು ಹಾರಿ, ಓಡುವ ಶಕ್ತಿಯಿಲ್ಲದೆ ಚಂದ್ರಿಕೆಗಳ ಹಿಂದೆ ಮುದುರಿತು.

"ಚೀಲ ತತ್ತಾಲಾ!" ಎಂದು ಮಗನನ್ನು ಕೂಗಿದರು.

ನನ್ನ ಗಂಡ ಚೀಲ ತಂದರು. ನಾನು ಮಗುವನ್ನು ಎದೆಗೊತ್ತಿಕೊಂಡು ಬೆಕ್ಕಿಗೂ ಅವರಿಗೂ ನಡುವೆ ನಿಂತೆ. "ಅತ್ತೆ, ತಪ್ಪು ಅದರದ್ದಲ್ಲ, ನಂದು. ಆ ಗೆರೆ ಒರೆಸಿರಲಿಲ್ಲ. ಮರಿಗಳಿಗೆ ಐದೇ ವಾರ ಆಗಿದ್ದು. ಇನ್ನೂ ಹಾಲು ಕುಡೀತಿದ್ವು."

ಅತ್ತೆ ಪೊರಕೆ ಕೆಳಗಿಟ್ಟರು. ಗೋಡೆಯ ಹತ್ತಿರ ಹೋದರು. ಹೆಬ್ಬೆರಳಿಗೆ ಉಗುಳು ಹಚ್ಚಿ ಆ ಗೆರೆಯನ್ನು ಮೇಲಿನಿಂದ ಕೆಳಗೆ ಉಜ್ಜಿ ಅಳಿಸಿದರು. ಆಮೇಲೆ ನನ್ನ ಪರಚುಗಾಯದ ಕೈ ನೋಡಿದರು, ಬೆಕ್ಕನ್ನು ನೋಡಿದರು.

"ರಾಮನಗರದ್ದು ಹತ್ರ. ಹೋಗಿ ತತ್ತಾ. ನಾವಿಬ್ರೂ ಹುಳ ಬುಟ್ಟು ಕದಲಂಗಿಲ್ಲ. ನೀನೇ ಹೋಗ್ಬೇಕು."

"ಮಗು?"

"ಮಗ ನನ್ತಾವ ಇರ್ಲಿ. ಹಸಿನ ಹಾಲು ಒಸಿ ನೀರಾಕಿ ಕುಡಿಸ್ತೀನಿ. ಹೋಗು, ನಿಂಗೂ ಗೊತ್ತಾಗ್ಲಿ."

ಆ ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಹಾಲು ಕಟ್ಟುವ ನೋವು ಗೊತ್ತಿಲ್ಲದವಳೇ ನಾನು? ಆದರೂ ಬಸ್ಸು ಹತ್ತಿದೆ. ಮಗುವನ್ನು ಬಿಟ್ಟು ಮನೆಯಿಂದ ಹೊರಟದ್ದು ಅದೇ ಮೊದಲು. ರಾಮನಗರ ಮುಟ್ಟುವ ಹೊತ್ತಿಗೆ ಎದೆ ಭಾರವಾಗಿ ಬಿಗಿಯತೊಡಗಿತ್ತು. ದಾರಿಯಲ್ಲಿ ಯಾರದೋ ಕೂಸು ಅತ್ತಾಗ ರವಿಕೆ ಒದ್ದೆಯಾಯಿತು. ಸೆರಗು ಹೊದ್ದು, ಗಂಡ ಬರೆದುಕೊಟ್ಟ ವಿಳಾಸದ ಚೀಟಿ ಹಿಡಿದು ಕೇಳುತ್ತ ಕೇಳುತ್ತ ನಡೆದೆ. ಮರಿ ಬದುಕಿದೆಯೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಇಲ್ಲದಿದ್ದರೆ ಬರಿಗೈಯಲ್ಲಿ ಆ ಬೆಕ್ಕಿನ ಮುಂದೆ ಹೋಗಿ ನಿಲ್ಲುವುದು ಹೇಗೆ?

ರೀಲರ ಮನೆಯೊಳಗೆ ಬೇಯುವ ಗೂಡಿನ ಆವಿ, ಅದರ ವಿಪರೀತ ನಾತ. ಆ ಮನೆಯ ಹೆಂಗಸು ಬಿಸಿನೀರಿನ ಬಾಣಲೆಯಿಂದ ಕೈ ತೆಗೆದು ಎದ್ದು ಬಂದರು. ನಾನು ಯಾರೆಂದು ಹೇಳುತ್ತಲೇ, "ಅಮ್ಮಾ, ಇಷ್ಟು ಎಳೇದು ಕೊಡ್ತಾರಾ ಯಾರಾದ್ರೂ?" ಎಂದು ಬೈದರು. ಬೈಗುಳ ಕೇಳಿ ನನಗೆ ಜೀವ ಬಂತು, ಸತ್ತಿದ್ದರೆ ಹಾಗೆ ಬೈಯುತ್ತಿರಲಿಲ್ಲ. ಒಲೆಯ ಪಕ್ಕದ ಬುಟ್ಟಿಯಲ್ಲಿ, ಹಳೇ ಪೈಜಾಮದ ಮಡಿಕೆಯೊಳಗೆ ಅದಿತ್ತು. ಬೆನ್ನೆಲುಬು ಎಣಿಸಬಹುದಾಗಿತ್ತು. ಅರಳೆಯ ಬತ್ತಿಯನ್ನು ಹಾಲಲ್ಲಿ ಅದ್ದಿ ಗಂಟೆಗೊಮ್ಮೆ ಬಾಯಿಗಿಟ್ಟು ಆಕೆ ಅದನ್ನು ಉಳಿಸಿಕೊಂಡಿದ್ದರು. ಕರೆದುಕೊಂಡು ಹೋಗುತ್ತೇನೆ, ದೊಡ್ಡದಾದ ಮೇಲೆ ನಾನೇ ತಂದುಕೊಡುತ್ತೇನೆ ಎಂದೆ. ಆಕೆ ನನ್ನ ಒದ್ದೆ ಸೆರಗು ನೋಡಿ, ಒಳಗಿನಿಂದ ತಮ್ಮ ಚಾದರ ತಂದು ಹೊದಿಸಿದರು. "ಮನೇಲಿ ಮಗು ಬಿಟ್ಟು ಬಂದಿದೀರಾ? ಹೋಗಿ, ಬೇಗ ಹೋಗಿ."

ಬಸ್ಸಿಳಿದು ಓಡಿದೆ. ಮಗು ಅತ್ತು ಅತ್ತು ಅತ್ತೆಯ ತೋಳಲ್ಲಿ ನಿದ್ದೆ ಹೋಗಿತ್ತು. ಚಾದರದೊಳಗಿಂದ ಮರಿಯನ್ನು ತೆಗೆದು ಬೆಕ್ಕಿನ ಮುಂದಿಟ್ಟೆ. ಬೆಕ್ಕು ಕಷ್ಟಪಟ್ಟು ಎದ್ದಿತು, ಮೂಸಿತು. ಮೂಸಿದ್ದೇ ಕಿವಿ ಹಿಂದಕ್ಕೆ ಹೋಯಿತು, ಬೆನ್ನು ಕಮಾನಾಯಿತು, ಹಲ್ಲು ಕಿರಿದು ಬುಸುಗುಟ್ಟಿತು. ಮರಿ ಹಾಲಿಗೆಂದು ಹತ್ತಿರ ಹೋದರೆ ಉಗುರು ಬಿಚ್ಚಿ ಹೊಡೆಯಿತು. ನಾನು ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

"ಥೂ, ಅಳ್ಬ್ಯಾಡ. ಬೆಂದ ಗೂಡಿನ ನಾತ ಕಣಮ್ಮಿ ಅದು. ಗುರುತು ಸಿಗ್ಬೇಕಲ್ಲ" ಎಂದು ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಹುಳುವಿನ ಮನೆಗೆ ಹೋದರು. ತಟ್ಟೆಯಡಿಯ ಕಸವನ್ನು, ಹುಳು ತಿಂದುಳಿದ ಸೊಪ್ಪಿನ ಚೂರು, ಹಿಕ್ಕೆ ಎಲ್ಲವನ್ನೂ ಸೆರಗಿನಲ್ಲಿ ತುಂಬಿಕೊಂಡು ಬಂದು ಮರಿಯ ಮೈಗೆ ಅರಿಸಿನದ ಹಾಗೆ ತಿಕ್ಕಿದರು. ಮರಿಗಳು ಹುಟ್ಟಿದ ದಿನದಿಂದ ಉಸಿರಾಡಿದ್ದು ಆ ವಾಸನೆಯನ್ನೇ. ಮತ್ತೆ ಚಂದ್ರಿಕೆಗಳ ಹಿಂದೆ, ಅದೇ ಜಾಗದಲ್ಲಿ ಬಿಟ್ಟು, ನನ್ನ ಪಕ್ಕದಲ್ಲೇ ಕೂತರು. ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು. ಒಳಗಿಂದ ನನ್ನ ಗಂಡ ಎರಡು ಸಲ ಕೂಗಿದರೂ ಅತ್ತೆ ಏಳಲಿಲ್ಲ.

ಬೆಕ್ಕು ದೂರದಿಂದಲೇ ನೋಡಿತು. ಬಂತು, ಬುಸುಗುಟ್ಟಿತು, ಹಿಂದೆ ಸರಿಯಿತು. ಮತ್ತೆ ಬಂತು. ಮರಿಯ ಬೆನ್ನನ್ನು ಒಮ್ಮೆ ನೆಕ್ಕಿ ನಿಲ್ಲಿಸಿತು. ನಾನು ಮಗುವಿಗೆ ಹಾಲೂಡಿಸುತ್ತ ಕೂತಿದ್ದೆ. ಆಮೇಲೆ ಬೆಕ್ಕು ಒಡೆದ ದನಿಯಲ್ಲಿ ಅದೇ ಸಣ್ಣ ಕರೆ ಕರೆದು ಮಗ್ಗುಲಾಯಿತು. ಮರಿ ಬಾಯಿ ಹಾಕಿದಾಗ ನೋವಿಗೆ ಅದರ ಮೈಯೆಲ್ಲ ನಡುಗಿತು, ಆದರೆ ಏಳಲಿಲ್ಲ.

"ಇಬ್ರೂ ಕುಡೀತಾವ್ರೆ" ಎಂದು ಅತ್ತೆ ಎದ್ದು ಸೊಪ್ಪು ಹಾಕಲು ಹೋದರು.

ಎರಡು ದಿನ ಬಿಟ್ಟು ಬೆಕ್ಕು ತಾನೇ ಇಲಿ ಹಿಡಿದು ತಾನೇ ತಿಂದಿತು. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿತು, ಬೆಳೆ ಕೈ ಹಿಡಿಯಿತು. ತಿಂಗಳಾದ ಮೇಲೆ ಮಾತು ಕೊಟ್ಟಂತೆ ಆ ಮರಿಯನ್ನು ಚಾದರದ ಸಮೇತ ನಾನೇ ರಾಮನಗರಕ್ಕೆ ಒಯ್ದು ಕೊಟ್ಟೆ. ಆಗ ತಾಯಿ ಒಂದು ದಿನ ಕರೆಯಿತು, ಮಾರನೆಯ ದಿನ ಬಿಸಿಲಿಗೆ ಮೈಚಾಚಿ ಮಲಗಿತು. ಹೊತ್ತಿಗೆ ಸರಿಯಾಗಿ ಹೋದ ಮರಿಯನ್ನು ಅದು ಬಿಟ್ಟುಕೊಟ್ಟಿತು ಎಂದೇ ನನಗನ್ನಿಸಿತು. ಮಾಗಡಿಯ ನೆಂಟರ ಮನೆಯಲ್ಲಿ ಬೇರೊಂದು ಬೆಕ್ಕು ಮರಿ ಹಾಕಿತ್ತಂತೆ, ಅದು ನಮ್ಮದನ್ನೂ ತನ್ನವುಗಳ ಜೊತೆ ಸೇರಿಸಿಕೊಂಡಿತ್ತು. ಕನಕಪುರದ ಸುದ್ದಿಯನ್ನು ನಾದಿನಿ ಹಬ್ಬಕ್ಕೆ ಬಂದಾಗ ಹೇಳಿದಳು. ಅದು ಹಾಲು ದಕ್ಕದೆ ಭೇದಿಯಾಗಿ ನಾಲ್ಕನೆಯ ದಿನವೇ ಹೋಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದ ಎರಡು ದಿನಗಳ ನಡುವೆ.

ಆ ಸುದ್ದಿ ಕೇಳಿದ ಸಂಜೆ ನಾನು ಒದ್ದೆ ಬಟ್ಟೆ ಹಿಡಿದು ಜಗಲಿಗೆ ಹೋದೆ. ಗೆರೆ ಅಳಿಸಿದ ಕಡೆ ಗೋಡೆ ಮಾಸಲಾಗಿತ್ತು. ಅದರ ಪಕ್ಕ ಮೂರೂ ಚುಕ್ಕಿಗಳು ಇದ್ದ ಹಾಗೇ ಇದ್ದವು. ಅಂದು ಅತ್ತೆಯ ಹೆಬ್ಬೆರಳು ಅವುಗಳನ್ನು ತಪ್ಪಿಸಿಕೊಂಡು ಹೋಗಿತ್ತೆಂದು ಆಗಲೇ ನನಗೆ ತಿಳಿದದ್ದು. ಸತ್ತದ್ದನ್ನು ಉಳಿಸಬಾರದಲ್ಲ ಎಂದು ಒಂದು ಚುಕ್ಕಿಯ ಮೇಲೆ ಬಟ್ಟೆ ಇಟ್ಟೆ. ಹಿಂದಿನಿಂದ ಬಂದ ಅತ್ತೆ ನನ್ನ ಕೈ ಹಿಡಿದರು.

"ಬುಡಮ್ಮಿ. ಒರೆಸೋದು ಸತ್ತ ಬೆಳೆಯ. ಅದೇನು ಬೆಳೆಯಾ?"